ಇತಿಹಾಸದಲ್ಲಿ ಈ ವಾರ: ಸಿಡುಬು ಸೋತ ಬಗೆ

ಮೇ 8ರಿಂದ 14ರವರೆಗೆ

ಮೇ ತಿಂಗಳ ಎರಡನೆಯ ವಾರದಲ್ಲಿ ಸ್ಮರಣೀಯವಾದ ದಿನಗಳಿಗೆ ಕೊರತೆಯಿಲ್ಲ. 1857ನೆಯ ಇಸವಿ ಮೇ 10ರ ಭಾನುವಾರ ಸಂಜೆ ಮೀರತ್ತಿನ ದಂಡಿನಲ್ಲಿ ಸಿಪಾಯಿಗಳು ಬಂಡೆದ್ದರು. ಮರುದಿನ ಬೆಳಿಗ್ಗೆ ಅವರ ಕುದುರೆಗಳು ದೆಹಲಿಯನ್ನು ಮುಟ್ಟಿದುವು. ಆ ಕಿಚ್ಚು ಹೊತ್ತಿದ ಮೂರನೆಯ ದಿನ, ಮೇ 13ರಂದು, ಹಿಮಾಲಯದ ತಪ್ಪಲಿನ ಅಲ್ಮೋರದಲ್ಲಿ ಸೇನಾಧಿಕಾರಿಯೊಬ್ಬನ ಮನೆಯಲ್ಲಿ ರೊನಾಲ್ಡ್ ರಾಸ್ ಜನಿಸಿದನು. ಬೆಂಗಳೂರಿನಲ್ಲಿಯೂ ಕೆಲಕಾಲ ವೈದ್ಯನಾಗಿ ಸೇವೆ ಸಲ್ಲಿಸಿದ ಈತನೇ 1897ರಲ್ಲಿ ಸಿಕಂದರಾಬಾದಿನಲ್ಲಿ ಮಲೇರಿಯಾ ರೋಗಾಣುವನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡು ಜಗತ್ತಿಗೆ ತೋರಿಸಿದವನು. ದಾದಿಯರ ವೃತ್ತಿಗೆ ಗೌರವ ತಂದ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ್ದು 1820ರ ಮೇ 12ರಂದು. ರೆಡ್ ಕ್ರಾಸ್ ಸಂಸ್ಥೆಯ ಮೂಲಪುರುಷ ಹೆನ್ರಿ ಡ್ಯುನಾಂಟ್ ಹುಟ್ಟಿದ್ದು 1828ರ ಮೇ 8ರಂದು. ಸ್ವತಂತ್ರ ಭಾರತದ ಪ್ರಥಮ ಮಹಾಚುನಾವಣೆಯಲ್ಲಿ ಗೆದ್ದುಬಂದ ಲೋಕಸಭೆ ಮೊದಲ ಬಾರಿಗೆ ಸೇರಿದ್ದು 1952ರ ಮೇ 13ರಂದು.

ಇವೆಲ್ಲಕ್ಕೂ ಮಿಗಿಲಾಗಿ ಈ ವಾರದ ಮೊದಲ ದಿನವನ್ನೂ ಕಡೆಯ ದಿನವನ್ನೂ ಒಂದೇ ದಾರ ಪೋಣಿಸುತ್ತದೆ. 1796ರ ಮೇ 14ರಂದು ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಎಂಟು ವರ್ಷದ ಬಾಲಕನ ತೋಳಿನ ಮೇಲೆ ಎರಡು ಸಣ್ಣ ಗೀರುಗಳು ಬಿದ್ದುವು. 1980ರ ಮೇ 8ರಂದು ವಿಶ್ವ ಆರೋಗ್ಯ ಸಭೆಯು ಸಿಡುಬು ಈ ಭೂಮಿಯಿಂದ ಅಳಿದುಹೋಯಿತೆಂದು ಘೋಷಿಸಿತು. ಈ ಎರಡು ದಿನಗಳ ನಡುವಣ ಅಂತರ 184 ವರ್ಷಗಳಿಗೆ ಆರೇ ದಿನ ಕಡಿಮೆ. ಮಾನವನು ತನ್ನನ್ನು ಕಾಡಿದ ವ್ಯಾಧಿಯೊಂದನ್ನು ಬೇರುಸಹಿತ ಕಿತ್ತೆಸೆದದ್ದು ಇದುವರೆಗೆ ಇದೊಂದೇ ಬಾರಿ.

‘ಅಮ್ಮ’ ಎನಿಸಿಕೊಂಡ ಮಾರಿ

ಇಂದಿನ ಮಕ್ಕಳಿಗೆ ಸಿಡುಬು ಎಂದರೇನೆಂದು ವಿವರಿಸಿ ಹೇಳಬೇಕು. ಸೀತಾಳೆ ಸಿಡುಬನ್ನು ಅವರು ಕಂಡಿರಬಹುದು. ಆದರೆ ಅದು ಬೇರೆಯ ರೋಗಾಣುವಿನಿಂದ ಬರುವ, ಬಹುಮಟ್ಟಿಗೆ ಸೌಮ್ಯವಾದ ಕಾಯಿಲೆ. ನಿಜವಾದ ಸಿಡುಬು ಅಂತಹುದಲ್ಲ. ಮೊದಲು ಉರಿಯುವ ಜ್ವರ, ಬೆನ್ನುನೋವು, ಎರಡು ಮೂರು ದಿನ ಕಳೆದ ಮೇಲೆ ಮುಖ, ಕೈ, ಕಾಲುಗಳ ತುಂಬ ಗುಳ್ಳೆಗಳು, ಆ ಗುಳ್ಳೆಗಳಲ್ಲಿ ಕೀವು, ಬಳಿಕ ಹೊಪ್ಪಳೆ. ರೋಗ ತಗಲಿದ ಹತ್ತು ಮಂದಿಯಲ್ಲಿ ಸುಮಾರು ಮೂರು ಮಂದಿ ಸಾಯುತ್ತಿದ್ದರು. ಬದುಕಿ ಉಳಿದವರ ಮುಖದ ಮೇಲೆ ಜೀವಮಾನವಿಡೀ ಗುಳಿಗಳು ನಿಲ್ಲುತ್ತಿದ್ದುವು; ಅನೇಕರು ಕಣ್ಣು ಕಳೆದುಕೊಳ್ಳುತ್ತಿದ್ದರು.

ಈ ವ್ಯಾಧಿಗೆ ಅರಮನೆ, ಗುಡಿಸಲು ಎಂಬ ಭೇದವಿರಲಿಲ್ಲ. ಫ್ರಾನ್ಸಿನ ದೊರೆ ಹದಿನೈದನೆಯ ಲೂಯಿ ವರ್ಸೇಲ್ಸ್ ಅರಮನೆಯಲ್ಲಿ ಸಿಡುಬಿನಿಂದ ಸತ್ತದ್ದು 1774ರ ಮೇ 10ರಂದು. ಅದೂ ಇದೇ ವಾರಕ್ಕೆ ಸೇರಿದ ದಿನ. ಇಂಗ್ಲೆಂಡಿನ ರಾಣಿ ಎರಡನೆಯ ಮೇರಿ 1694ರಲ್ಲಿ, ರಷ್ಯದ ತರುಣ ಚಕ್ರವರ್ತಿ ಎರಡನೆಯ ಪೀಟರ್ 1730ರಲ್ಲಿ ಇದಕ್ಕೇ ಬಲಿಯಾದರು.

ನಮ್ಮ ನಾಡಿನಲ್ಲಿ ಇದಕ್ಕೆ ಮೈಲಿ, ದೇವಿ, ಅಮ್ಮ ಎಂದೆಲ್ಲ ಹೆಸರು. ರೋಗದ ಹೆಸರನ್ನು ಬಾಯಿಬಿಟ್ಟು ಹೇಳಲೂ ಜನ ಅಂಜುತ್ತಿದ್ದರು. ಮನೆಗೆ ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು, ರೋಗಿಯ ಹಾಸಿಗೆಯ ಸುತ್ತ ಬೇವಿನೆಲೆ, ಮಾರಮ್ಮನಿಗೆ ಹರಕೆ ಮತ್ತು ತಂಪು. ಉತ್ತರದಲ್ಲಿ ಇದೇ ದೇವತೆ ಶೀತಲೆ. ಬೇರೆ ಯಾವ ದಾರಿಯೂ ಇಲ್ಲದಿದ್ದಾಗ ತಾಯಂದಿರು ದೇವಿಯ ಮೊರೆಹೊಕ್ಕರೆ ಅದರಲ್ಲಿ ನಗುವಂತಹುದೇನೂ ಇಲ್ಲ. ಸಿಡುಬು ಹತ್ತಿದ ಮನೆಗೆ ಹೊರಗಿನವರು ಕಾಲಿಡಬಾರದೆಂಬ ಕಟ್ಟಳೆಯಂತೂ ರೋಗ ಹರಡುವುದನ್ನು ಎಷ್ಟೋ ಕಡೆ ತಡೆದಿದ್ದಿರಬೇಕು.

ಒಮ್ಮೆ ಸಿಡುಬು ಬಂದು ಉಳಿದವರಿಗೆ ಅದು ಮತ್ತೆ ಬಾರದೆಂಬುದನ್ನು ಜನ ಬಹುಕಾಲದಿಂದ ಬಲ್ಲರು. ಹಾಗಾದರೆ ರೋಗವನ್ನು ತಾವೇ ಅಲ್ಪವಾಗಿ ಬರಿಸಿಕೊಂಡರೆ? ವಂಗದೇಶದಲ್ಲಿ ಟೀಕಾದಾರರೆಂಬವರು ವರ್ಷವರ್ಷವೂ ಊರೂರು ತಿರುಗಿ ಸಿಡುಬಿನ ಗುಳ್ಳೆಯ ಕೀವನ್ನು ಆರೋಗ್ಯವಂತರ ತೋಳಿಗೆ ಸೂಜಿಯಿಂದ ಏರಿಸುತ್ತಿದ್ದರು. ಈ ಪದ್ಧತಿಯನ್ನು ಕಣ್ಣಾರೆ ಕಂಡ ಹಾಲ್ವೆಲ್ ಎಂಬ ಆಂಗ್ಲ ವೈದ್ಯನು 1767ರಲ್ಲಿ ಲಂಡನ್ನಿನ ವೈದ್ಯರಿಗಾಗಿ ಅದನ್ನು ವಿಸ್ತಾರವಾಗಿ ಬರೆದು ತಿಳಿಸಿದನು. ಅದಕ್ಕೂ ಮೊದಲೇ, ಸಿಡುಬಿನಿಂದ ತನ್ನ ರೂಪವನ್ನು ಕಳೆದುಕೊಂಡಿದ್ದ ಲೇಡಿ ಮೇರಿ ಮಾಂಟೆಗ್ಯು ತುರ್ಕಿಯ ಮುದುಕಿಯರು ಹೀಗೆಯೇ ಮಾಡುವುದನ್ನು ಕಂಡು, 1718ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ತನ್ನ ಮಗನಿಗೂ 1721ರಲ್ಲಿ ಲಂಡನ್ನಿನಲ್ಲಿ ಮಗಳಿಗೂ ಅದನ್ನು ಮಾಡಿಸಿದ್ದಳು. ಉಪಾಯವೇನೋ ಒಳ್ಳೆಯದೇ. ಆದರೆ ಹೀಗೆ ಬರಿಸಿಕೊಂಡದ್ದೂ ನಿಜವಾದ ಸಿಡುಬೇ. ನೂರಕ್ಕೆ ಒಬ್ಬಿಬ್ಬರು ಅದರಿಂದಲೇ ಸಾಯುತ್ತಿದ್ದರು. ಮಿಕ್ಕವರು ಗುಣವಾಗುವ ಮೊದಲು ನೆರೆಯವರಿಗೆ ಅದನ್ನು ಅಂಟಿಸುತ್ತಲೂ ಇದ್ದರು.

ಮೇ 14, 1796

ಗ್ಲಾಸ್ಟರ್‌ಷೈರಿನ ಬರ್ಕ್ಲಿ ಎಂಬ ಊರಿನ ವೈದ್ಯ ಎಡ್ವರ್ಡ್ ಜೆನ್ನರ್ ಚಿಕ್ಕಂದಿನಲ್ಲಿ ಸ್ವತಃ ಈ ಕೀವು ಹಾಕಿಸಿಕೊಂಡು ಬಳಲಿದವನು. ಲಂಡನ್ನಿನಲ್ಲಿ ಪ್ರಸಿದ್ಧ ಶಸ್ತ್ರವೈದ್ಯ ಜಾನ್ ಹಂಟರನ ಶಿಷ್ಯನಾಗಿದ್ದು, ರಾಜಧಾನಿಯ ಆಸೆಯನ್ನು ಬಿಟ್ಟು ಹುಟ್ಟೂರಿಗೆ ಮರಳಿದ್ದನು. ಕೋಗಿಲೆಯ ಜಾತಿಯ ಹಕ್ಕಿ ಪರರ ಗೂಡಿನಲ್ಲಿ ಹೇಗೆ ಬೆಳೆಯುತ್ತದೆಂಬುದನ್ನು ಕುರಿತು ಈತ ಬರೆದ ಲೇಖನವು ರಾಯಲ್ ಸೊಸೈಟಿಯ ಸದಸ್ಯತ್ವವನ್ನು ತಂದುಕೊಟ್ಟಿತ್ತು. ನೋಡುವುದು, ಕಾಯುವುದು, ಮತ್ತೆ ನೋಡುವುದು: ಇದು ಆತನ ಸ್ವಭಾವ.

ಹಸುಗಳ ಕೆಚ್ಚಲಿನ ಮೇಲೆ ಏಳುವ ಒಂದು ಬಗೆಯ ಗುಳ್ಳೆ ಹಾಲು ಕರೆಯುವವರ ಕೈಗೂ ಅಂಟುವುದುಂಟು. ಹಾಗೆ ಅಂಟಿಸಿಕೊಂಡವರಿಗೆ ಸಿಡುಬು ಬಾರದೆಂಬ ಮಾತು ಆ ಸೀಮೆಯ ರೈತರಲ್ಲಿ ಬಳಕೆಯಲ್ಲಿತ್ತು. ಡಾರ್ಸೆಟ್ ಪ್ರಾಂತದ ಬೆಂಜಮಿನ್ ಜೆಸ್ಟಿ ಎಂಬ ರೈತನು ಆ ಮಾತನ್ನು ನಂಬಿ 1774ರಲ್ಲಿಯೇ ತನ್ನ ಹೆಂಡತಿಗೂ ಇಬ್ಬರು ಗಂಡುಮಕ್ಕಳಿಗೂ ಹಸುವಿನ ಗುಳ್ಳೆಯ ರಸವನ್ನು ಹೆಣಿಗೆಯ ಸೂಜಿಯಿಂದ ಏರಿಸಿದ್ದನು. ಆದರೆ ಅದು ಒಂದು ಮನೆಯ ಮಾತಾಗಿ ಉಳಿಯಿತು. ಜನರ ಮಾತನ್ನು ಪರೀಕ್ಷೆಗೆ ಒಡ್ಡಿ, ಫಲವನ್ನು ಬರೆದಿಟ್ಟು, ಲೋಕದ ಮುಂದೆ ಇಟ್ಟವನು ಜೆನ್ನರ್. ಅವನ ಹಿರಿಮೆ ಇರುವುದು ಅಲ್ಲಿ.

ಆ ವರ್ಷದ ಮೇ ತಿಂಗಳಲ್ಲಿ ಸಾರಾ ನೆಲ್ಮ್ಸ್ ಎಂಬ ಹಾಲು ಕರೆಯುವ ಹುಡುಗಿಯ ಕೈಯ ಮೇಲೆ ಗುಳ್ಳೆಗಳೆದ್ದುವು. ಅವಳಿಗೆ ಅದನ್ನು ಅಂಟಿಸಿದ ಹಸುವಿನ ಹೆಸರು ಬ್ಲಾಸಮ್. ಮೇ 14ರಂದು ಜೆನ್ನರನು ಅವಳ ಗುಳ್ಳೆಯ ರಸವನ್ನು ತೆಗೆದು, ತನ್ನ ತೋಟದ ಮಾಲಿಯ ಮಗ ಜೇಮ್ಸ್ ಫಿಪ್ಸನ ತೋಳಿನ ಮೇಲೆ ಎರಡು ಗೀರುಗಳನ್ನೆಳೆದು ಅದನ್ನು ಸೇರಿಸಿದನು. ಏಳನೆಯ ದಿನ ಬಾಲಕನು ಕಂಕುಳಲ್ಲಿ ನೋವೆಂದನು. ಒಂಬತ್ತನೆಯ ದಿನ ಸ್ವಲ್ಪ ಚಳಿ, ತಲೆನೋವು, ಊಟ ರುಚಿಸಲಿಲ್ಲ. ಹತ್ತನೆಯ ದಿನ ಎಂದಿನಂತೆ ಆಟಕ್ಕೆ ಎದ್ದನು.

ಆದರೆ ನಿಜವಾದ ಪರೀಕ್ಷೆ ಮುಂದೆ ಇತ್ತು. ಜುಲೈ 1ರಂದು ಜೆನ್ನರನು ಅದೇ ಬಾಲಕನಿಗೆ ಸಾಕ್ಷಾತ್ ಸಿಡುಬಿನ ಕೀವನ್ನೇ ಏರಿಸಿದನು. ಒಂದು ದಿನ ಕಳೆಯಿತು, ಒಂದು ವಾರ ಕಳೆಯಿತು, ಸಿಡುಬು ಏಳಲಿಲ್ಲ. ಇಂದಿನ ವೈದ್ಯನೀತಿ ಇಂತಹ ಪ್ರಯೋಗಕ್ಕೆ ಎಂದಿಗೂ ಒಪ್ಪಿಗೆ ಕೊಡಲಾರದು. ಸಿಡುಬಿನ ಕೀವು ಹಾಕಿಸುವುದು ಆ ಕಾಲದಲ್ಲಿ ಮನೆಮನೆಯ ರೂಢಿಯಾಗಿತ್ತೆಂಬುದು ನಿಜ. ಹಾಗಿದ್ದರೂ ಬಡ ಮಾಲಿಯೊಬ್ಬನು ತನ್ನ ಧಣಿಯ ಮಾತನ್ನು ಎಷ್ಟರಮಟ್ಟಿಗೆ ಮೀರಬಲ್ಲವನಾಗಿದ್ದನೆಂಬ ಪ್ರಶ್ನೆ ಉಳಿದೇ ಇರುತ್ತದೆ. ಜೆನ್ನರನು ಮುಂದೆ ಫಿಪ್ಸನಿಗೆ ಬಾಡಿಗೆಯಿಲ್ಲದೆ ಒಂದು ಮನೆಯನ್ನು ಬಿಟ್ಟುಕೊಟ್ಟನು. 1823ರಲ್ಲಿ ಜೆನ್ನರನ ಶವಯಾತ್ರೆಯಲ್ಲಿ ನಡೆದವರಲ್ಲಿ ಫಿಪ್ಸನೂ ಒಬ್ಬನಾಗಿದ್ದನು.

ರಾಯಲ್ ಸೊಸೈಟಿಯು ಈ ಪ್ರಯೋಗದ ವರದಿಯನ್ನು ಅಚ್ಚುಮಾಡಲು ಒಪ್ಪಲಿಲ್ಲ. ಜೆನ್ನರನು ಇನ್ನಷ್ಟು ಉದಾಹರಣೆಗಳನ್ನು ಕೂಡಿಸಿ, 23 ಪ್ರಕರಣಗಳ ವಿವರವುಳ್ಳ ಸಣ್ಣ ಪುಸ್ತಕವನ್ನು 1798ರಲ್ಲಿ ತನ್ನ ಖರ್ಚಿನಲ್ಲಿಯೇ ಪ್ರಕಟಿಸಿದನು. ಲ್ಯಾಟಿನ್ ಭಾಷೆಯಲ್ಲಿ ಹಸುವಿಗೆ ‘ವ್ಯಾಕ’ ಎಂದು ಹೆಸರು. ‘ವ್ಯಾಕ್ಸಿನ್’ ಎಂಬ ಮಾತು ಹುಟ್ಟಿದ್ದು ಅದರಿಂದಲೇ. ಮುಂದೆ 1881ರಲ್ಲಿ ಲೂಯಿ ಪಾಸ್ಟರನು ಜೆನ್ನರನ ಗೌರವಾರ್ಥವಾಗಿ ಬೇರೆ ರೋಗಗಳ ರಕ್ಷಣಾ ಮದ್ದುಗಳಿಗೂ ಅದೇ ಹೆಸರು ಸಲ್ಲಬೇಕೆಂದು ಸೂಚಿಸಿದನು. ಹಸುವಿನ ರಸ ಹಾಕಿಸಿಕೊಂಡವರ ಮೈಮೇಲೆ ಕೊಂಬು, ಬಾಲಗಳು ಮೊಳೆಯುವಂತೆ ಚಿತ್ರ ಬರೆದು ನಕ್ಕವರೂ ಇದ್ದರು. ಅದೇ ಕಾಲದಲ್ಲಿ ಜೆನ್ನರನು ತನ್ನ ತೋಟದ ಗುಡಿಸಲಿನಲ್ಲಿ ಕುಳಿತು ಬಡವರಿಗೆ ಪುಕ್ಕಟೆಯಾಗಿ ಲಸಿಕೆ ಹಾಕುತ್ತಿದ್ದನು.

ತೋಳಿನಿಂದ ತೋಳಿಗೆ

ಮದ್ದು ದೊರೆಯಿತು; ಅದನ್ನು ಕಡಲಾಚೆಗೆ ಸಾಗಿಸುವುದು ಹೇಗೆ? ಮಂಜುಪೆಟ್ಟಿಗೆಯಿಲ್ಲದ ಕಾಲವದು. ದಾರಕ್ಕೆ ಹಚ್ಚಿ ಒಣಗಿಸಿದ ರಸವು ದೀರ್ಘ ಪ್ರಯಾಣದ ಬಿಸಿಲಿನಲ್ಲಿ ಸತ್ವ ಕಳೆದುಕೊಳ್ಳುತ್ತಿತ್ತು. ಅದು ಕೆಡದೆ ಉಳಿಯುತ್ತಿದ್ದ ಸ್ಥಳ ಒಂದೇ: ಜೀವಂತ ಮನುಷ್ಯನ ತೋಳು.

1803ರ ನವೆಂಬರ್ 30ರಂದು ಸ್ಪೇನಿನ ಲಾ ಕೊರೂನ್ಯ ಬಂದರಿನಿಂದ ಮರಿಯ ಪೀಟ ಎಂಬ ಹಡಗು ಹೊರಟಿತು. ಬಾಲ್ಮಿಸ್ ಎಂಬ ವೈದ್ಯನು ಅದರಲ್ಲಿ 22 ಮಂದಿ ಅನಾಥ ಬಾಲಕರನ್ನು ಕರೆದೊಯ್ದನು. ಅವರ ಆರೈಕೆಗೆ ಇಸಬೆಲ್ ಸೆಂಡಲ್ ಎಂಬಾಕೆ ಜೊತೆಗಿದ್ದಳು. ಇಬ್ಬರು ಬಾಲಕರಿಗೆ ಲಸಿಕೆ ಹಾಕುವುದು. ಒಂಬತ್ತು ಹತ್ತು ದಿನಗಳಲ್ಲಿ ಅವರ ಗುಳ್ಳೆ ಬಲಿತಾಗ ಅದರ ರಸವನ್ನು ಮತ್ತಿಬ್ಬರಿಗೆ ಏರಿಸುವುದು. ಹೀಗೆ ಅಟ್ಲಾಂಟಿಕ್ ಸಾಗರವನ್ನು ದಾಟುವವರೆಗೆ ಕೊಂಡಿ ಕಳಚದಂತೆ ನೋಡಿಕೊಳ್ಳುವುದು. ಆ ಮಕ್ಕಳ ತೋಳುಗಳ ಮೇಲೆ ಲಸಿಕೆಯು ಅಮೆರಿಕ ಖಂಡವನ್ನು ಸೇರಿತು. ಅಲ್ಲಿಂದ ಮೆಕ್ಸಿಕೊ ದೇಶದ 26 ಬಾಲಕರ ತೋಳುಗಳ ಮೇಲೆ 1805ರಲ್ಲಿ ಫಿಲಿಪ್ಪೀನ್ಸಿಗೆ ತಲುಪಿತು. ಲೋಕೋಪಕಾರದ ಈ ಮಹಾಯಾತ್ರೆಯ ಭಾರವನ್ನು ಹೊತ್ತವರು ಕೇಳುವವರಿಲ್ಲದ ಮಕ್ಕಳೆಂಬುದನ್ನು ಮರೆಯಲಾಗದು.

ಭಾರತಕ್ಕೆ ಲಸಿಕೆ ಬಂದದ್ದು ನೆಲದ ಹಾದಿಯಿಂದ. ವಿಯೆನ್ನಾ ನಗರದ ವೈದ್ಯ ಡಿ ಕ್ಯಾರೊ ಕಳುಹಿದ ರಸವು ಕಾನ್‌ಸ್ಟಾಂಟಿನೋಪಲ್, ಬಾಗ್ದಾದ್, ಬಸ್ರಾಗಳನ್ನು ಹಾದು, ಅಲ್ಲಿಂದ ಹಡಗೇರಿ ಮುಂಬಯಿಗೆ ಬಂದಿತು. 1802ರ ಜೂನ್ 14ರಂದು ಅನ್ನ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನ ತೋಳಿನ ಮೇಲೆ ಅದು ಚೆನ್ನಾಗಿ ಹತ್ತಿತು. ಆ ಮಗುವಿನಿಂದ ಐದು ಮಕ್ಕಳಿಗೆ, ಅವರಿಂದ ಪುಣೆ, ಸೂರತ್, ಹೈದರಾಬಾದ್, ಮದರಾಸುಗಳಿಗೆ ಅದು ಕೈಯಿಂದ ಕೈಗೆ ಹಬ್ಬಿತು.

ಮೈಸೂರಿನ ಅರಮನೆಯೂ ಈ ಕಥೆಯಲ್ಲಿ ಕಾಣಿಸಿಕೊಳ್ಳುತ್ತದೆ. ಥಾಮಸ್ ಹಿಕಿ ಎಂಬ ಚಿತ್ರಕಾರನು 1805ರ ಸುಮಾರಿಗೆ ರಚಿಸಿದ ಒಂದು ವರ್ಣಚಿತ್ರದಲ್ಲಿ ಒಡವೆವಸ್ತುಗಳನ್ನು ತೊಟ್ಟ ಮೂವರು ಸ್ತ್ರೀಯರಿದ್ದಾರೆ. ಬಲಗಡೆಯವರು ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರುತ್ತಿದ್ದಾರೆ. ಈಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿಯವರೆಂದೂ, ನಡುವೆ ಇರುವವರು ರಾಜಮಾತೆ ಲಕ್ಷ್ಮಮ್ಮಣ್ಣಿಯವರೆಂದೂ, ಲಸಿಕೆ ಹಾಕಿಸಿಕೊಂಡುದನ್ನು ಜನಕ್ಕೆ ತೋರಿಸಿ ಧೈರ್ಯ ಕೊಡುವುದೇ ಚಿತ್ರದ ಉದ್ದೇಶವೆಂದೂ ಇತಿಹಾಸಜ್ಞ ನೈಜೆಲ್ ಚಾನ್ಸೆಲರ್ ಅಭಿಪ್ರಾಯಪಟ್ಟಿದ್ದಾರೆ. ಪ್ರಜೆಗಳ ಅಂಜಿಕೆಯನ್ನು ಕಳೆಯಲು ಅಂತಃಪುರದವರೇ ತೋಳು ಚಾಚಿದ್ದಾದರೆ, ಅದು ಆಜ್ಞೆಗಿಂತ ಹೆಚ್ಚು ಬಲವಾದ ಮಾತು.

ಮುಂದೆ ಕರುಗಳ ಮೈಮೇಲೆ ರಸವನ್ನು ಬೆಳೆಸುವ ಕ್ರಮ ಬಂದು, ಮಕ್ಕಳ ತೋಳನ್ನು ಕಾಯುವ ಕಷ್ಟ ತಪ್ಪಿತು. ತಿರುವಾಂಕೂರಿನಲ್ಲಿ ಜಾತಿಯ ಕಾರಣದಿಂದ ಸರ್ಕಾರಿ ವೈದ್ಯನ ಹುದ್ದೆಯನ್ನು ಪಡೆಯಲಾಗದೆ ಹೋದ ಡಾಕ್ಟರ್ ಪಲ್ಪು ಅವರು ಮೈಸೂರು ಸರ್ಕಾರದ ಸೇವೆಗೆ ಸೇರಿ ಬೆಂಗಳೂರಿನಲ್ಲಿ ಈ ಲಸಿಕೆಯ ತಯಾರಿಕೆಯಲ್ಲಿ ದುಡಿದರು. ‘ದಾಕು ಹಾಕುವವರು’ ಹಳ್ಳಿಗೆ ಬಂದರೆಂದರೆ ಮಕ್ಕಳು ಅಟ್ಟ ಹತ್ತಿ ಅಡಗುತ್ತಿದ್ದ ಕಾಲವನ್ನು ಹಿರಿಯರು ಬಲ್ಲರು. 1970ಕ್ಕಿಂತ ಹಿಂದೆ ಹುಟ್ಟಿದ ಅನೇಕರ ತೋಳಿನ ಮೇಲೆ ಆ ದುಂಡನೆಯ ಕಲೆ ಇನ್ನೂ ಉಳಿದಿದೆ.

ಕಡೆಯ ಬೇಟೆ

ಲಸಿಕೆ ದೊರೆತು ಒಂದೂವರೆ ಶತಮಾನ ಕಳೆದರೂ ಸಿಡುಬು ಅಳಿಯಲಿಲ್ಲ. 1958ರಲ್ಲಿ ಸೋವಿಯತ್ ರಷ್ಯದ ವಿಕ್ಟರ್ ಝ್ದಾನೊವ್ ಅದನ್ನು ಇಡೀ ಜಗತ್ತಿನಿಂದ ತೊಲಗಿಸಬೇಕೆಂಬ ಸಲಹೆಯನ್ನು ವಿಶ್ವ ಆರೋಗ್ಯ ಸಭೆಯ ಮುಂದಿಟ್ಟರು. 1967ರಲ್ಲಿ ಅಮೆರಿಕದ ಡೊನಾಲ್ಡ್ ಹೆಂಡರ್‌ಸನ್ ಅವರ ನೇತೃತ್ವದಲ್ಲಿ ಆ ಕಾರ್ಯ ಬಿರುಸಾಯಿತು. ಪರಸ್ಪರ ಕ್ಷಿಪಣಿಗಳನ್ನು ಗುರಿಯಿಟ್ಟು ನಿಂತಿದ್ದ ಎರಡು ರಾಷ್ಟ್ರಗಳು ಈ ಒಂದು ಕೆಲಸದಲ್ಲಿ ಕೈಜೋಡಿಸಿದುವು. ಆ ವರ್ಷವೂ ಜಗತ್ತಿನಲ್ಲಿ ಒಂದು ಕೋಟಿಗೆ ಕಡಿಮೆಯಿಲ್ಲದಷ್ಟು ಮಂದಿಗೆ ಸಿಡುಬು ತಗಲಿ, ಸುಮಾರು ಇಪ್ಪತ್ತು ಲಕ್ಷ ಮಂದಿ ಸತ್ತರೆಂದು ಅಂದಾಜು.

ಈ ರೋಗಕ್ಕೆ ಒಂದು ದೌರ್ಬಲ್ಯವಿತ್ತು. ಅದು ಮನುಷ್ಯನಲ್ಲಿ ಮಾತ್ರ ಬಾಳಬಲ್ಲುದು; ಪ್ರಾಣಿಗಳಲ್ಲಿ ಅಡಗಿರಲಾರದು. ರೋಗಿಯ ಮುಖವೇ ರೋಗವನ್ನು ಸಾರಿ ಹೇಳುತ್ತದೆ. ಆದುದರಿಂದ ರೋಗಿಯನ್ನು ಹುಡುಕಿ, ಅವನ ಸುತ್ತಲಿನವರಿಗೆಲ್ಲ ಲಸಿಕೆ ಹಾಕಿ ಬೇಲಿ ಕಟ್ಟಿದರೆ ರೋಗಕ್ಕೆ ಮುಂದಿನ ಮನೆ ಸಿಕ್ಕದು. ಬಿಸಿಲಿಗೆ ಕೆಡದ ಒಣಪುಡಿಯ ಲಸಿಕೆ ಮತ್ತು ಎರಡು ಮೊನೆಯ ಸಣ್ಣ ಸೂಜಿ, ಇವೆರಡು ಆಯುಧಗಳು ಸಾಕಾದುವು.

ಅತ್ಯಂತ ಕಠಿಣವಾದ ರಣರಂಗ ಭಾರತವೇ ಆಯಿತು. 1973ರ ಅಕ್ಟೋಬರಿನಲ್ಲಿ ಮನೆಮನೆ ಹುಡುಕಲು ಹೊರಟಾಗ ಉತ್ತರಪ್ರದೇಶ, ಬಿಹಾರಗಳಲ್ಲಿ ಅದುವರೆಗೆ ಲೆಕ್ಕಕ್ಕೇ ಬಾರದ ಸುಮಾರು ಹತ್ತು ಸಾವಿರ ರೋಗಿಗಳು ಕಂಡುಬಂದರು. 1974ರಲ್ಲಿ ದೇಶದಲ್ಲಿ 1 ಲಕ್ಷ 88 ಸಾವಿರ ಮಂದಿಗೆ ಸಿಡುಬು ತಗಲಿ, 31 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಟಾಟಾನಗರದ ರೈಲು ನಿಲ್ದಾಣದಿಂದ ಹೊರಟ ಪ್ರಯಾಣಿಕರು ರೋಗವನ್ನು ದೂರದ ಊರುಗಳಿಗೆ ಒಯ್ಯುತ್ತಿದ್ದರು. ಆ ಮೇ ತಿಂಗಳಲ್ಲಿಯೇ ಪೋಖರಣದಲ್ಲಿ ಅಣುಸ್ಫೋಟ ನಡೆದು ಜಗತ್ತಿನ ಕಣ್ಣು ಭಾರತದ ಮೇಲೆ ನೆಟ್ಟಿತ್ತು. ಅಣುವನ್ನು ಒಡೆಯಬಲ್ಲ ದೇಶದಲ್ಲಿ ಸಿಡುಬು ಸಾವಿರಾರು ಮಂದಿಯನ್ನು ಕೊಲ್ಲುತ್ತಿತ್ತು.

ಹುಡುಕಾಟವನ್ನು ಬಿಟ್ಟು, ಹಿಂದಿನಂತೆ ಎಲ್ಲರಿಗೂ ಲಸಿಕೆ ಹಾಕುವ ಕ್ರಮಕ್ಕೆ ಮರಳಬೇಕೆಂದು ಬಿಹಾರದಲ್ಲಿ ಮೇಲಿನವರಿಂದ ಒತ್ತಡ ಬಂದಿತು. ಆಗಿನ ಒಂದು ಸಭೆಯನ್ನು ಅಮೆರಿಕದ ವೈದ್ಯ ವಿಲಿಯಂ ಫೋಗಿ ಮುಂದೆ ನೆನೆದಿದ್ದಾರೆ. ತರುಣ ಭಾರತೀಯ ವೈದ್ಯನೊಬ್ಬನು ಎದ್ದುನಿಂತು, ಹಳ್ಳಿಯಲ್ಲಿ ಒಂದು ಮನೆಗೆ ಬೆಂಕಿ ಬಿದ್ದರೆ ಜನ ಎಲ್ಲ ಮನೆಗಳ ಮೇಲೂ ನೀರು ಸುರಿಯುತ್ತ ಕೂಡುವುದಿಲ್ಲ, ಉರಿಯುವ ಮನೆಗೇ ಓಡುತ್ತಾರೆ ಎಂದನಂತೆ. ಹುಡುಕುವ ಕ್ರಮಕ್ಕೆ ಇನ್ನೊಂದು ತಿಂಗಳ ಅವಕಾಶ ದೊರೆಯಿತು. ಅಷ್ಟರಲ್ಲಿ ರೋಗ ಇಳಿಮುಖವಾಯಿತು.

ಡಾಕ್ಟರ್ ಎಂ. ಐ. ಡಿ. ಶರ್ಮ, ವಿಶ್ವ ಆರೋಗ್ಯ ಸಂಸ್ಥೆಯ ನಿಕೋಲ್ ಗ್ರಾಸೆ ಮೊದಲಾದವರು ಮುಂದಾಳುಗಳು. ಆದರೆ ಕೆಲಸವನ್ನು ನೆರವೇರಿಸಿದವರು ಲಕ್ಷಕ್ಕೂ ಮಿಕ್ಕ ಆರೋಗ್ಯ ಕಾರ್ಯಕರ್ತರು. ಕೈಯಲ್ಲಿ ಸಿಡುಬು ಹತ್ತಿದ ಮಗುವಿನ ಚಿತ್ರವಿರುವ ಚೀಟಿ ಹಿಡಿದು, ಇಂತಹವರನ್ನು ಕಂಡಿರಾ ಎಂದು ಬಾಗಿಲು ಬಾಗಿಲಲ್ಲಿ, ಸಂತೆಯಲ್ಲಿ, ಶಾಲೆಯಲ್ಲಿ ಕೇಳುತ್ತ ನಡೆದವರು ಇವರು. ರೋಗಿಯ ಮನೆಗೆ ಹಗಲೂ ರಾತ್ರಿ ಕಾವಲು. ಸುದ್ದಿ ತಂದವರಿಗೆ ಬಹುಮಾನ. 1975ರ ಹೊತ್ತಿಗೆ ಅದು ಸಾವಿರ ರೂಪಾಯಿಗೆ ಏರಿತು. ಕೆಲವೆಡೆ ಒಲ್ಲದವರಿಗೆ ಬಲವಂತವಾಗಿ ಲಸಿಕೆ ಹಾಕಿದ್ದೂ ಉಂಟು. ಜಯದ ಲೆಕ್ಕದಲ್ಲಿ ಅದನ್ನೂ ಬರೆದಿಡಬೇಕು.

1975ರ ಮೇ 24ರಂದು ಅಸ್ಸಾಮಿನ ಕರೀಂಗಂಜ್ ರೈಲು ನಿಲ್ದಾಣದಲ್ಲಿ ಆಶ್ರಯ ಪಡೆದಿದ್ದ, ಬಾಂಗ್ಲಾದೇಶದಿಂದ ಬಂದ ಬಡ ಹೆಂಗಸೊಬ್ಬಳಲ್ಲಿ ಸಿಡುಬು ಕಂಡಿತು. ಭಾರತದಲ್ಲಿ ಅದೇ ಕಡೆಯದು. ಅಕ್ಟೋಬರಿನಲ್ಲಿ ಬಾಂಗ್ಲಾದೇಶದ ಭೋಲಾ ದ್ವೀಪದ ಮೂರು ವರ್ಷದ ಬಾಲೆಯೊಂದಿಗೆ ಘೋರರೂಪದ ಸಿಡುಬು ಜಗತ್ತಿನಲ್ಲಿಯೇ ಮುಗಿಯಿತು, ಬಾಲೆ ಬದುಕಿದಳು. ಸೌಮ್ಯರೂಪದ ಸಿಡುಬು ಆಫ್ರಿಕದಲ್ಲಿ ಉಳಿದಿತ್ತು. ಸೊಮಾಲಿಯದ ಮೆರ್ಕ ಪಟ್ಟಣದ ಆಸ್ಪತ್ರೆಯ ಅಡಿಗೆಯವನಾದ 23 ವರ್ಷದ ಅಲಿ ಮಾವ್ ಮಾಲಿನ್, ರೋಗಿಗಳಿದ್ದ ಗಾಡಿಗೆ ದಾರಿ ತೋರಲು ಕೆಲವೇ ನಿಮಿಷ ಅದರಲ್ಲಿ ಕುಳಿತನು. 1977ರ ಅಕ್ಟೋಬರ್ 26ರಂದು ಅವನ ಮೈಮೇಲೆ ಗುಳ್ಳೆ ಎದ್ದಿತು. ಆತನೂ ಬದುಕಿದನು. ನೋವಿಗೆ ಅಂಜಿ ಲಸಿಕೆ ಹಾಕಿಸಿಕೊಳ್ಳದೆ ತಪ್ಪಿಸಿಕೊಂಡಿದ್ದ ಆತನು ಮುಂದೆ ಪೋಲಿಯೊ ಲಸಿಕೆಯ ಕಾರ್ಯಕರ್ತನಾಗಿ ಮನೆಮನೆಗೆ ಹೋಗಿ, ತನ್ನ ಕಥೆಯನ್ನೇ ಹೇಳಿ ತಾಯಂದಿರನ್ನು ಒಪ್ಪಿಸುತ್ತಿದ್ದನು. 2013ರಲ್ಲಿ ಅದೇ ಕೆಲಸದ ನಡುವೆ ಮಲೇರಿಯಾದಿಂದ ತೀರಿಕೊಂಡನು.

ಮೇ 8, 1980

ಆದರೂ ಘೋಷಣೆಗೆ ಅವಸರ ಪಡಲಿಲ್ಲ. ಅಷ್ಟರಲ್ಲಿ 1978ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಸಿಡುಬಿನ ಸಂಶೋಧನೆ ನಡೆಯುತ್ತಿದ್ದ ಪ್ರಯೋಗಾಲಯದ ಕಟ್ಟಡದಲ್ಲಿಯೇ ಕೆಲಸ ಮಾಡುತ್ತಿದ್ದ ಮಹಿಳೆಯೊಬ್ಬರು ರೋಗ ತಗಲಿ ಮೃತರಾದರು. ಸಿಡುಬಿಗೆ ಬಲಿಯಾದವರಲ್ಲಿ ಅವರೇ ಕಡೆಯವರು. ದೇಶದೇಶಗಳಲ್ಲಿ ತಜ್ಞರ ಮಂಡಲಿಗಳು ಮತ್ತೆ ಮತ್ತೆ ಹುಡುಕಿ, ಎಲ್ಲಿಯೂ ರೋಗಿಯಿಲ್ಲವೆಂದು ನಿಶ್ಚಯಿಸಿಕೊಂಡ ಬಳಿಕವೇ 1980ರ ಮೇ 8ರಂದು 33ನೆಯ ವಿಶ್ವ ಆರೋಗ್ಯ ಸಭೆಯು ಜಯವನ್ನು ಸಾರಿತು. 20ನೆಯ ಶತಮಾನವೊಂದರಲ್ಲಿಯೇ ಸುಮಾರು 30 ಕೋಟಿ ಜನರನ್ನು ಕೊಂದಿತೆಂದು ಅಂದಾಜು ಮಾಡಲಾದ ವ್ಯಾಧಿಯು ಆ ದಿನ ಇತಿಹಾಸಕ್ಕೆ ಸೇರಿತು.

ರೋಗ ಹೋದರೂ ರೋಗಾಣು ಪೂರ್ತಿಯಾಗಿ ಹೋಗಿಲ್ಲ. ಅಮೆರಿಕದ ಅಟ್ಲಾಂಟದಲ್ಲಿ ಒಂದು, ರಷ್ಯದ ಕೊಲ್ತ್ಸೊವೊದಲ್ಲಿ ಒಂದು, ಹೀಗೆ ಎರಡು ಪ್ರಯೋಗಾಲಯಗಳಲ್ಲಿ ಅದನ್ನು ಶೈತ್ಯದಲ್ಲಿ ಬಂಧಿಸಿಟ್ಟಿದ್ದಾರೆ. ಸುಡಬೇಕೆ, ಸಂಶೋಧನೆಗಾಗಿ ಇಟ್ಟುಕೊಳ್ಳಬೇಕೆ ಎಂಬ ವಾದ ದಶಕಗಳಿಂದ ಮುಂದುವರಿಯುತ್ತ ಬಂದಿದೆ.

ಇದುವರೆಗೆ ಭೂಮಿಯಿಂದ ಅಳಿಸಲಾದ ರೋಗಗಳು ಎರಡೇ. ಒಂದು ಸಿಡುಬು, ಇನ್ನೊಂದು ದನಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಿದ್ದ ದೊಡ್ಡರೋಗ. ಅದು ಅಳಿಯಿತೆಂದು 2011ರಲ್ಲಿ ಸಾರಲಾಯಿತು. ಹಸುವಿನಿಂದ ಪಡೆದ ರಕ್ಷಣೆಯ ಋಣವನ್ನು ಮನುಷ್ಯನು ಹೀಗೆ ಸ್ವಲ್ಪಮಟ್ಟಿಗೆ ತೀರಿಸಿದನೆನ್ನಬಹುದು. ಆದರೆ ಹಸಿದ ಬೀದಿಗಳಲ್ಲಿ ಚೀಟಿ ಹಿಡಿದು ನಡೆದವರ ಋಣವೂ, ಹಡಗಿನಲ್ಲಿ ತೋಳು ಚಾಚಿದ ಅನಾಥ ಮಕ್ಕಳ ಋಣವೂ ಹಾಗೆಯೇ ಉಳಿದಿವೆ. ಮನೆಯ ಮಗುವಿಗೆ ಲಸಿಕೆಯ ದಿನ ಬಂದಾಗ ಅದನ್ನು ಮುಂದೂಡದೆ ಹಾಕಿಸುವುದೇ ಅವರಿಗೆ ಸಲ್ಲಿಸಬಹುದಾದ ಸರಳವಾದ ಗೌರವ.